ಜಾನಿ ಬ್ರಿಕ್ಸ್‌ಗೊಂದು ತಾಟು

ಹೇರೋಹಳ್ಳಿಯ ಭಾಗವ್ವನ ಖಾನಾವಳಿಗೆ ಮೊದಲ ಸಲ ಊಟಕ್ಕೆ ಬಂದವರು ರೊಟ್ಟಿಗಿಂತ ಮುಂಚೆ ಗೋಡೆ ನೋಡುತ್ತಾರೆ. ಗೋಡೆಯ ಮೇಲೆ ವಿದೇಶದ ರಾಕ್ ಸಂಗೀತಗಾರರ ಪೋಸ್ಟರುಗಳು ಸಾಲಾಗಿವೆ. ಒಬ್ಬನಿಗೆ ಅಂಗಿ ಇಲ್ಲ. ಇನ್ನೊಬ್ಬನ ಕೂದಲು ಸೊಂಟದವರೆಗೆ ಇಳಿದಿದೆ. ಮತ್ತೊಬ್ಬ ಗಿಟಾರನ್ನು ನೆಲಕ್ಕೆ ಅಪ್ಪಳಿಸಲು ಎತ್ತಿ ಹಿಡಿದಿದ್ದಾನೆ. ಕಟ್ಟಡದ ಒಡತಿ ಅಕ್ಕಯ್ಯಮ್ಮನವರು ಮೊದಲ ಸಲ ಒಳಗೆ ಬಂದಾಗ ಅಂಗಿ ಇಲ್ಲದವನ ಮುಂದೆ ಚಪ್ಪಲಿ ಬಿಟ್ಟು ಕೈ ಮುಗಿದರು.

"ಯಾವ ಮಠದ ಸ್ವಾಮಿಗಳಮ್ಮ ಇವ್ರು?"

"ಇವ್ರಿಗೆ ಮಠ ಇಲ್ರಿ. ಊರೂರು ತಿರುಗಿ ಹಾಡ್ತಾರ," ಎಂದಳು ಭಾಗವ್ವ.

"ಓ, ಸಂಚಾರದಲ್ಲಿರೋ ಸ್ವಾಮಿಗಳು," ಎಂದು ಅಕ್ಕಯ್ಯಮ್ಮನವರು ಇನ್ನೊಮ್ಮೆ ಕೈ ಮುಗಿದರು. ಭಾಗವ್ವ ತಿದ್ದಲಿಲ್ಲ. ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಸುಳ್ಳಿನ ವಿಷಯದಲ್ಲಿ ಭಾಗವ್ವ ಬಹಳ ಕಟ್ಟುನಿಟ್ಟು.

ಅವಳ ಊರು ಹುನಗುಂದದ ಕಡೆ. ಗಂಡ ಅಮೀನಪ್ಪ ಕಟ್ಟಡಗಳಲ್ಲಿ ಕಂಬಿ ಕಟ್ಟುವ ಕೆಲಸಕ್ಕೆಂದು ಬೆಂಗಳೂರಿಗೆ ಬಂದಾಗ ಅವಳೂ ಬಂದಳು. ಮೊದಲು ಅವನ ಜೊತೆ ಕೆಲಸ ಮಾಡುವವರಿಗೆ ಬಟ್ಟೆಯಲ್ಲಿ ರೊಟ್ಟಿ ಸುತ್ತಿಕೊಂಡು ಹೋಗುತ್ತಿದ್ದಳು. ಆಮೇಲೆ ಈ ಶೀಟಿನ ಮನೆ ಹಿಡಿದು ಖಾನಾವಳಿ ತೆರೆದಳು. ಬಾಡಿಗೆ ಯಾಕೆ ಅಷ್ಟು ಕಡಿಮೆ ಎಂಬುದು ಎರಡನೆಯ ದಿನ ಗೊತ್ತಾಯಿತು. ಗೋಡೆಯ ಆಚೆ ಒಂದು ರಾಕ್ ಬ್ಯಾಂಡ್ ಅಭ್ಯಾಸ ಮಾಡುತ್ತಿತ್ತು.

ಅಮೀನಪ್ಪ ಕಿವಿಗೆ ಹತ್ತಿ ಇಟ್ಟುಕೊಂಡ. ಭಾಗವ್ವ ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಆಚೆ ಹೋಗಿ, ಡ್ರಮ್ ಬಾರಿಸುತ್ತಿದ್ದ ಹುಡುಗನ ಮುಂದೆ ನಿಂತಳು. ಅವನ ಹೆಸರು ರೇವಂತ್.

"ಏ ತಮ್ಮಾ, ಬಡಿದ್ರ ಒಂದ ಸಮ ಬಡಿ. ಇಲ್ಲಾ ಬಿಟ್ಟುಬಿಡು. ನೀ ನಡುವ ನಿಂದರ್ತಿ, ನನ್ನ ಕೈನೂ ನಿಂದರ್ತೈತಿ, ರೊಟ್ಟಿ ಹರೀತೈತಿ."

"ಸಾರಿ ಆಂಟಿ. ಆ ಜಾಗದಲ್ಲಿ ನಿಲ್ಲಿಸ್ಲೇಬೇಕು. ಹಾಡೇ ಹಂಗಿದೆ."

"ಹಂಗಿದ್ರ ಹಾಡಿಗೆ ಹೇಳು, ಊಟದ ಹೊತ್ತಿನ್ಯಾಗ ನಿಂದರಬ್ಯಾಡ ಅಂತ."

ರೇವಂತ್ ನಕ್ಕುಬಿಟ್ಟ. ಅಂದಿನಿಂದ ಅವರು ಮಧ್ಯಾಹ್ನದ ಹೊತ್ತು ನಿಲ್ಲದ ಹಾಡುಗಳನ್ನೇ ಹಿಡಿದರು. ಕೆಲವು ತಿಂಗಳಲ್ಲಿ ಪದ್ಧತಿ ಹೇಗಾಯಿತೆಂದರೆ, ಅಭ್ಯಾಸ ಶುರು ಮಾಡುವ ಮುಂಚೆ ರೇವಂತ್ ಗೋಡೆಗೆ ಬಾಯಿ ಹಚ್ಚಿ, "ಅವ್ವಾ, ಇವತ್ತು ಜನ ಜಾಸ್ತಿನಾ? ಫಾಸ್ಟಾಗಿ ಬಾರಿಸ್ಲಾ?" ಎಂದು ಕೂಗುತ್ತಿದ್ದ. ಭಾಗವ್ವ ಈಚೆಯಿಂದ ಹಿಟ್ಟಿನ ಲೆಕ್ಕದಲ್ಲಿ ಉತ್ತರ ಕೊಡುತ್ತಿದ್ದಳು. ಸಂಜೆ ಅವರು ಊಟಕ್ಕೆ ಬಂದಾಗ, ಆ ದಿನ ಬಾರಿಸಿದ ಹಾಡು ಯಾರದು, ಅವನು ಹೇಗೆ ಬದುಕಿದ ಎಂದೆಲ್ಲ ಕೇಳುತ್ತಿದ್ದಳು. ಹೆಸರುಗಳಿಗೆ ನಾಲಿಗೆ ಹೊರಳಲಿಲ್ಲ. ಹಾಗಾಗಿ ತನ್ನದೇ ಹೆಸರಿಟ್ಟುಕೊಂಡಳು: ಎಡಗೈಯಾವ, ಮೀಸಿ ಮಾವ, ಚಾಳೀಸಿನಾವ, ಅಂಗಿ ಇಲ್ಲದಾವ.

ಕೊನೆಗೆ ಬ್ಯಾಂಡ್ ಚದುರಿತು. ಹಾಡುವವನಿಗೆ ಮದುವೆಯಾಯಿತು, ರೇವಂತ್ ಕೆಂಗೇರಿಯ ಕಡೆ ಮಕ್ಕಳಿಗೆ ಡ್ರಮ್ ಕಲಿಸುವ ಕೆಲಸಕ್ಕೆ ಸೇರಿದ. ಹೋಗುವಾಗ ಅವನು ಭಾಗವ್ವನಿಗೆ ಸ್ಪೀಕರ್, ಹಾಡು ತುಂಬಿದ ಪೆನ್‌ಡ್ರೈವ್ ಮತ್ತು ತಮ್ಮ ಕೋಣೆಯ ಗೋಡೆಯಲ್ಲಿದ್ದ ಪೋಸ್ಟರುಗಳನ್ನು ಕೊಟ್ಟ. ಪ್ರತಿಯೊಬ್ಬರ ಹುಟ್ಟುಹಬ್ಬವನ್ನೂ ಹೇಳಿಕೊಟ್ಟ. ಅವಳು ಅವನ್ನು ಹಬ್ಬಗಳ ಹಿಂದೆ ಮುಂದೆ ಇಟ್ಟು ನೆನಪಿಟ್ಟುಕೊಂಡಳು. ಮೀಸಿ ಮಾವ ಗಣಪ್ಪನ ಆಸುಪಾಸು, ಎಡಗೈಯಾವ ದೀಪಾವಳಿ ಮುಗಿದ ಮೇಲೆ.

"ಗೋಡಿ ಮ್ಯಾಲ ಅದಾರಂದ್ರ ಮನ್ಯಾಗ ಅದಾರ. ಮನಿಯವ್ರ ಹುಟ್ಟಿದ ಹಬ್ಬಕ್ಕ ಸಿಹಿ ಮಾಡಲಿಲ್ಲಂದ್ರ ಹೆಂಗ?" ಎಂಬುದು ಅವಳ ವಾದ. ಅವರಲ್ಲಿ ಕೆಲವರು ತೀರಿಹೋಗಿ ಬಹಳ ವರ್ಷವಾಗಿದೆ ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೂ ಸಿಹಿಗೂ ಸಂಬಂಧವಿಲ್ಲ ಎನ್ನುತ್ತಿದ್ದಳು. ಹಾಡುವವರಿಗೆ ತುಪ್ಪ ಹಾಕಿದ ಹೂರಣದ ಹೋಳಿಗೆ, ಗಂಟಲು ನುಣುಪಾಗಲಿ ಎಂದು. ಡ್ರಮ್ ಬಾರಿಸುವವರಿಗೆ ಶೇಂಗಾ ಹೋಳಿಗೆ, ತೋಳಿಗೆ ಕಸುವು ಬರಲಿ ಎಂದು. ಬೇಸ್ ಗಿಟಾರಿನವನಿಗೆ ಗೋದಿ, ಬೆಲ್ಲದ ಪುಡಿಸಿಹಿ ಮಾದಲಿ. "ಮಾದಲಿ ಇದ್ರ ಯಾರೂ ಹೊಗಳೂದಿಲ್ಲ, ಇಲ್ಲಂದ್ರ ಊಟ ಮುಗಿಯೂದಿಲ್ಲ. ಇವನೂ ಹಂಗ," ಎಂದು ಅವಳೇ ವಿವರಿಸಿದ್ದಾಳೆ. ಗಿಟಾರಿನವರಿಗೂ ಹೋಳಿಗೆಯೇ. ಸಿಹಿಯನ್ನು ಮೊದಲು ಪೋಸ್ಟರಿನ ಮುಂದೆ ಇಟ್ಟು, ಅವನ ಒಂದು ಹಾಡನ್ನು ಪೂರ್ತಿ ಹಾಕುತ್ತಾಳೆ. ಹಾಡು ಮುಗಿಯುವವರೆಗೆ ಯಾರೂ ಮಾತಾಡುವಂತಿಲ್ಲ, ಫೋನ್ ಮುಟ್ಟುವಂತಿಲ್ಲ. ಆಮೇಲೆ ಎಲ್ಲರಿಗೂ ಹೋಳಿಗೆ. ಗದಗ, ಕೊಪ್ಪಳ, ಗೋಕಾಕದಿಂದ ಬಂದ ಡೆಲಿವರಿ ಹುಡುಗರು ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಸ್ಪೀಕರ್ ಹರಿದುಹೋಗುವಂಥ ಗಿಟಾರ್ ಕೇಳುತ್ತ, ಹೋಳಿಗೆಯ ಮೇಲೆ ಕಣ್ಣಿಟ್ಟು ಭಕ್ತಿಯಿಂದ ಕೂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ತಾಟಿನ ವಿಷಯ. ತಾಟು ಎಂದರೆ ಊಟದ ತಟ್ಟೆ. ತಿಂಗಳ ಊಟದವರು ಪ್ರತಿಯೊಬ್ಬರಿಗೂ ಭಾಗವ್ವ ಸ್ಟೀಲಿನ ತಾಟು ಕೊಂಡು, ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತಿಸುತ್ತಾಳೆ. ನನ್ನದೂ ಇದೆ. ಮೇಲಿನ ಹಲಗೆಯಲ್ಲಿ ಮೊದಲು ಒಂದು ತಾಟು ಮಾತ್ರ ಬೋರಲಾಗಿ ಇತ್ತು. ಅದು ಜೀವನ್‌ನದು. ಅವನು ಒಂದು ಹುಟ್ಟುಹಬ್ಬದ ದಿನ, "ರೂಮ್‌ಮೇಟ್‌ಗೆ ಜ್ವರ ಅವ್ವಾ, ಅವನ ಹೋಳಿಗೆ ನಾನೇ ತಗೊಂಡೋಗ್ತೀನಿ," ಎಂದು ಹೇಳಿ ಡಬ್ಬಿ ತುಂಬಿಸಿಕೊಂಡು ಹೋದ. ಅವನು ಹೋದ ಸ್ವಲ್ಪ ಹೊತ್ತಿಗೆ ಆ ರೂಮ್‌ಮೇಟ್ ಸಿಳ್ಳೆ ಹಾಕುತ್ತ ಊಟಕ್ಕೆ ಬಂದ. ಭಾಗವ್ವ ಬೈಯಲಿಲ್ಲ. ಮರುದಿನ ಜೀವನ್ ಬಂದಾಗ ಅವನ ತಾಟು ಬೋರಲಾಗಿತ್ತು. "ಸುಳ್ಳು ಹೇಳಿ ಉಂಡಾವಗ ನನ್ನ ಮನ್ಯಾಗ ತಾಟಿಲ್ಲ," ಎಂದಳು. ಜೀವನ್ ಈಗ ತಳ್ಳುಗಾಡಿಯಲ್ಲಿ ಎಗ್‌ರೈಸ್ ತಿನ್ನುತ್ತಾನೆ.

ಇಷ್ಟೆಲ್ಲ ಕಣ್ಣಾರೆ ನೋಡಿಯೂ ಯಶ್ವಂತ್ ಮತ್ತು ಕಲ್ಮೇಶ್ ಆ ಕೆಲಸ ಮಾಡಿದರು.

ಯಶ್ವಂತ್ ಅಕ್ಕಯ್ಯಮ್ಮನವರ ಮೊಮ್ಮಗ. ಮನೆಯಲ್ಲಿ ಮುದ್ದೆ, ಉಪ್ಪುಸಾರು ಕಾದಿದ್ದರೂ ಖಾನಾವಳಿಗೆ ಬರುವವನು. ಕಲ್ಮೇಶ್ ಗೋಕಾಕದವನು, ಡೆಲಿವರಿ ಕೆಲಸ, ಬಹಳ ನಾಚಿಕೆ. ಬ್ಯಾಂಡಿನ ಹಳೆಯ ಕೋಣೆಯನ್ನು ಅಕ್ಕಯ್ಯಮ್ಮನವರು ಪ್ಲೈವುಡ್‌ನಿಂದ ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಖಾನಾವಳಿಯ ಗೋಡೆಗೆ ಅಂಟಿದ ಭಾಗದಲ್ಲಿ ಕಲ್ಮೇಶ್ ಇದ್ದ. ದಿನವಿಡೀ ಬೇರೆಯವರ ಬಿರಿಯಾನಿ ಹೊತ್ತು ತಿರುಗುವ ಅವನು, ತನ್ನ ಊಟವನ್ನು ಭಾಗವ್ವನ ತಾಟಿನಲ್ಲಿ ಬಿಟ್ಟು ಬೇರೆಲ್ಲೂ ಮಾಡಿದವನಲ್ಲ. "ಇಲ್ಲಿ ಕುಂತ್ರ ಊರಾಗ ಕುಂತಂಗ," ಎನ್ನುತ್ತಿದ್ದ.

ಹೋದ ವರ್ಷದ ಆಷಾಢ. ಗೋಡೆಯ ಮೇಲಿದ್ದವರಲ್ಲಿ ಯಾರೂ ಆಷಾಢದಲ್ಲಿ ಹುಟ್ಟಿರಲಿಲ್ಲ. ಹೋಳಿಗೆ ಕಾಣದೆ ವಾರಗಳು ಕಳೆದಿದ್ದವು. ಭಾಗವ್ವ ಪಲ್ಯ ಬಡಿಸುತ್ತಿದ್ದಾಗ ಯಶ್ವಂತ್ ಇದ್ದಕ್ಕಿದ್ದಂತೆ ನಿಟ್ಟುಸಿರು ಬಿಟ್ಟ.

"ಪಾಪ, ಇವರೊಬ್ಬರ ಬರ್ತ್‌ಡೇ ಮಾತ್ರ ಯಾರೂ ಮಾಡಲ್ಲ ಅವ್ವಾ."

"ಯಾರದೋ?"

ಬಾಗಿಲ ಹೊರಗೆ ಇಟ್ಟಿಗೆ ತುಂಬಿದ ಲಾರಿ ಗುಂಡಿಯಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಯಶ್ವಂತ್ ಅದನ್ನು ನೋಡಿದ. "ಜಾನಿ... ಜಾನಿ ಬ್ರಿಕ್ಸ್. ದೊಡ್ಡ ಗಿಟಾರಿಸ್ಟು. ಇಂಗ್ಲೆಂಡು."

"ಬ್ರಿಕ್ಸ್ ಅಂದ್ರ ಇಟ್ಟಂಗಿ," ಎಂದ ಮೂಲೆಯಲ್ಲಿ ಕೂತಿದ್ದ ಅಮೀನಪ್ಪ. "ಇಟ್ಟಂಗಿ ಭಟ್ಟಿ ಇದ್ದ ಮನತನ ಇರಬೇಕು."

"ಹುಟ್ಟಿದ ದಿನ ಯಾವತ್ತು?" ಎಂದಳು ಭಾಗವ್ವ.

ಯಶ್ವಂತ್ ಕಲ್ಮೇಶನ ಕಡೆ ತಿರುಗಿದ. ಕಲ್ಮೇಶ್ ಗಡಿಬಿಡಿಯಲ್ಲಿ, "ಜುಲೈ ಹನ್ನೊಂದ್ರಿ ಅವ್ವಾ," ಎಂದುಬಿಟ್ಟ.

"ಆತು. ಮಾಡೂಣು. ಅವನ ಹಾಡು, ಫೋಟೋ ತಗೊಂಡ ಬರ್ರಿ. ಹಾಡು ಕೇಳದ ಹೋಳಿಗಿ ಇಲ್ಲ."

ಹೊರಗೆ ಬಂದ ಮೇಲೆ ಕಲ್ಮೇಶ್ ಅವನ ತೋಳು ಹಿಡಿದು ನಿಲ್ಲಿಸಿದ. "ಏ ಯಶ್ವಂತ, ಗೊತ್ತಾದ್ರ ನನ್ನ ತಾಟು ಜೀವನ್ನನ ತಾಟಿನ ಬಾಜೂಕ ಹೋಗ್ತೈತಿ. ನಿನಗೇನ್ಲೇ, ಮನ್ಯಾಗ ಮುದ್ದಿ ಐತಿ. ನಾ ಎಲ್ಲಿ ಹೋಗಲಿ?"

"ಗೊತ್ತಾಗಲ್ಲ ಮಗಾ. ನೀನು ರೂಮಲ್ಲಿ ಗಿಟಾರ್ ನುಡಿಸ್ತೀಯಲ್ಲ, ಅದನ್ನೇ ರೆಕಾರ್ಡ್ ಮಾಡು."

ಬ್ಯಾಂಡಿನವರು ಬಿಟ್ಟುಹೋದ ಬಿರುಕು ಬಿಟ್ಟ ಗಿಟಾರೊಂದು ಕಲ್ಮೇಶನ ಕೋಣೆಯಲ್ಲಿತ್ತು. ಫೋನ್ ನೋಡಿಯೇ ಕಲಿತು, ಯಾರಿಗೂ ಕೇಳಿಸದ ಹಾಗೆ ನುಡಿಸುತ್ತಿದ್ದ. ಯಶ್ವಂತ್ ಒಮ್ಮೆ ಕಿಟಕಿಯಲ್ಲಿ ಕಿವಿಯಿಟ್ಟು ಕೇಳಿದ್ದ, ಅಷ್ಟೇ. ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಕಲ್ಮೇಶ್ ತಾನೇ ಕಟ್ಟಿದ ಒಂದು ರಾಗವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ. ಯಶ್ವಂತ್ ಕೇಳಿ ಕುಣಿದಾಡಿದ.

"ಲೋ, ಹಿಂದೆ ಡ್ರಮ್ ಬೇರೆ ಹಾಕಿದ್ಯಾ? ಆ್ಯಪಲ್ಲಾ? ಕೊನೇಲಿ ಆ ಕೆಮ್ಮು ಬಿಟ್ಟಿರೋದಂತೂ ಸಖತ್ ಸ್ಟೈಲ್ ಮಗಾ!"

ಆ ಮಾತು ಕಲ್ಮೇಶನ ಕಿವಿಗೆ ಬೀಳಲಿಲ್ಲ. ಅವನ ಮನಸ್ಸು ಬೋರಲು ತಾಟಿನ ಮೇಲಿತ್ತು.

ಫೋಟೋಗೆ ಅವನನ್ನೇ ಬೆನ್ನು ಹಾಕಿ ನಿಲ್ಲಿಸಿದರು. ಡೆಲಿವರಿ ಜಾಕೆಟ್ಟನ್ನು ಒಳಗಿನ ಮಗ್ಗುಲು ಹೊರಗೆ ಬರುವಂತೆ ತೊಡಿಸಿ, ಕೊರಳಿಗೆ ಗಿಟಾರ್ ಹಾಕಿ ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ಮಾಡಿಸಿದರು.

"ಮಾರಿ ಯಾಕ ತೋರಿಸವಲ್ಲ ಇವ?" ಎಂದಳು ಭಾಗವ್ವ.

"ತುಂಬಾ ನಾಚಿಕೆ ಸ್ವಭಾವ ಅವ್ವಾ. ಯಾವ ಫೋಟೋದಲ್ಲೂ ಮುಖ ತೋರ್ಸಿಲ್ಲ," ಎಂದ ಯಶ್ವಂತ್.

ಭಾಗವ್ವ ಆ ಬೆನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗೋಡೆಗೆ ಅಂಟಿಸಿದಳು. ಜುಲೈ ಹನ್ನೊಂದರಂದು ಹಾಡು ಹಾಕಿದಾಗ ಕಣ್ಣು ಮುಚ್ಚಿ ಕೇಳಿದಳು. "ಇನ್ನೊಮ್ಮೆ ಹಾಕು," ಎಂದಳು. ಬೇರೆ ಯಾರ ಹಾಡಿಗೂ ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಆ ದಿನ ಎಲ್ಲರಿಗೂ ಎರಡೆರಡು ಹೋಳಿಗೆ ಬಿತ್ತು.

ತೊಂದರೆ ಶುರುವಾದದ್ದು ಆಮೇಲೆ. ಭಾಗವ್ವನಿಗೆ ಜಾನಿ ಬ್ರಿಕ್ಸ್ ಮೇಲೆ ವಿಪರೀತ ಆಸಕ್ತಿ ಹುಟ್ಟಿತು. ಅವನ ತಾಯಿ ಇದ್ದಾಳೇನು? ಏನು ಕೆಲಸ ಮಾಡುತ್ತಿದ್ದ? ಯಶ್ವಂತ್ ಬಾಯಿಗೆ ಬಂದದ್ದು ಹೇಳುತ್ತ ಹೋದ. ಜಾನಿ ಮೊದಲು ಮನೆಮನೆಗೆ ಹಾಲು ಹಾಕುತ್ತಿದ್ದ, ನಾಯಿ ಕಂಡರೆ ಹೆದರುತ್ತಿದ್ದ, ಆರಡಿ ಎತ್ತರವಿದ್ದ. "ಫೋಟೋದಾಗ ಗಿಡ್ಡ ಕಾಣ್ತಾನಲ್ಲ?" ಎಂದರೆ, "ಗಿಟಾರ್ ಭಾರಕ್ಕೆ ಬಗ್ಗಿದಾರೆ ಅವ್ವಾ," ಎಂದ. ಆಸೆ ಹೆಚ್ಚಾಗಿ, ಜಾನಿಗೆ ಒಬ್ಬ ಅವಳಿ ತಮ್ಮನೂ ಇದ್ದಾನೆಂದು ಹೇಳಲು ಹೊರಟಿದ್ದ. ಕಲ್ಮೇಶ್ ಕಾಲು ತುಳಿದು, "ಅವಳಿ ಅಂದ್ರ ಅದ ದಿನ ಹುಟ್ಟಿರ್ತಾನಲೇ. ಎರಡನೇ ಹೋಳಿಗಿ ಎಲ್ಲಿಂದ ಬರ್ತೈತಿ?" ಎಂದು ಪಿಸುಗುಟ್ಟಿದ.

ಹೊಸ ಹಾಡು ಬೇಕೆಂದು ಭಾಗವ್ವ ಪಟ್ಟು ಹಿಡಿದಾಗ ಯಶ್ವಂತ್ ಬೇರೆ ದಾರಿ ಕಾಣದೆ ಜಾನಿಯನ್ನು ಸಾಯಿಸಿಬಿಟ್ಟ. "ತೀರ್ಕೊಂಡ್ರು ಅವ್ವಾ. ಇನ್ನೆಲ್ಲಿ ಹೊಸ ಹಾಡು?"

"ಅಯ್ಯೋ ಶಿವನೇ. ಯಾವತ್ತು?"

ಅವನು ಡಿಸೆಂಬರಿನ ಒಂದು ದಿನ ಹೇಳಿದ. ಆ ದಿನ ಬಂದಾಗ ಭಾಗವ್ವ ಒಲೆಯ ಮೇಲೆ ಹಂಚನ್ನೇ ಇಡಲಿಲ್ಲ. "ಇವತ್ತು ಜಾನಿ ಹೋದ ದಿನ ಅಂತ ಯಶ್ವಂತ ಹೇಳ್ಯಾನ. ರೊಟ್ಟಿ ಇಲ್ಲ," ಎಂದು ಎಲ್ಲರಿಗೂ ಒಂದೊಂದು ಲೋಟ ಅಂಬಲಿ ಕೊಟ್ಟಳು. ಖಾನಾವಳಿಯ ಅಷ್ಟೂ ಜನ ಯಶ್ವಂತನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲು ನನಗೆ ಬರುವುದಿಲ್ಲ. ನಾನೂ ಅಂಬಲಿ ಕುಡಿದೆ.

ಈ ವರ್ಷ ಆಷಾಢ ಹತ್ತಿರ ಬರುತ್ತಿದ್ದಂತೆ ಭಾಗವ್ವ ಹೇಳಿದಳು: "ಈ ಸಲ ಜಾನಿ ಹುಟ್ಟಿದ ಹಬ್ಬ ಜೋರ ಮಾಡೂಣು. ರೇವಂತಪ್ಪನ್ನ ಕರದೀನಿ."

ಕಲ್ಮೇಶನ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ. ಗೋಡೆಯ ಮೇಲಿನ ಪ್ರತಿಯೊಬ್ಬನನ್ನೂ ಬಲ್ಲವನು ರೇವಂತ್. ಜಾನಿ ಬ್ರಿಕ್ಸ್ ಎಂಬುವನು ಇಲ್ಲವೇ ಇಲ್ಲ ಎಂದು ಅವನು ಒಂದೇ ಮಾತಿನಲ್ಲಿ ಹೇಳಬಲ್ಲ. ಇಬ್ಬರೂ ಬೈಕಿನಲ್ಲಿ ಕೆಂಗೇರಿಗೆ ಹೋಗಿ ರೇವಂತನನ್ನು ಹಿಡಿದು ಎಲ್ಲವನ್ನೂ ಹೇಳಿದರು. ಅವನು ನಗಲಿಲ್ಲ, ಬೈಯಲೂ ಇಲ್ಲ.

"ಅವ್ವನ ಹತ್ರ ನಾನು ಸುಳ್ಳು ಹೇಳಲ್ಲ ಕಣ್ರೋ."

"ಸುಳ್ಳು ಹೇಳ್ಬೇಡಿ ಅಣ್ಣ. ಸುಮ್ನೆ ಇದ್ಬಿಡಿ, ಸಾಕು," ಎಂದ ಯಶ್ವಂತ್.

"ನೋಡೋಣ. ಮೊದ್ಲು ಹಾಡು ಕೇಳ್ತೀನಿ."

ಹುಟ್ಟುಹಬ್ಬದ ದಿನ ಖಾನಾವಳಿಯಲ್ಲಿ ಜಾಗವಿರಲಿಲ್ಲ. ಅಕ್ಕಯ್ಯಮ್ಮನವರು ಮುಂದಿನ ಸಾಲಿನಲ್ಲಿ ಕೂತಿದ್ದರು. ರೇವಂತ್ ಅವರ ಪಕ್ಕದಲ್ಲಿದ್ದ. ಭಾಗವ್ವ ಒಳಗಿನಿಂದ ಹೊಸ ತಾಟೊಂದನ್ನು ತಂದು, ಎರಡು ಹೋಳಿಗೆ ಹಾಕಿ, ಬೆನ್ನಿನ ಫೋಟೋದ ಕೆಳಗೆ ಇಟ್ಟಳು. ತಾಟಿನ ಅಂಚಿನಲ್ಲಿ 'ಜಾನಿ ಬ್ರಿಕ್ಸ್' ಎಂದು ಕೆತ್ತಿಸಿದ್ದಳು.

ಕಲ್ಮೇಶ್ ಆ ತಾಟನ್ನು ನೋಡಿದ. ಮೇಲಿನ ಹಲಗೆಯಲ್ಲಿ ಬೋರಲು ಬಿದ್ದಿದ್ದ ತಾಟನ್ನೂ ನೋಡಿದ. ಇಲ್ಲದ ಮನುಷ್ಯನಿಗೆ ತಾಟು ಸಿಕ್ಕಿತ್ತು, ಇರುವವನ ತಾಟು ಹೋಗುವುದರಲ್ಲಿತ್ತು.

ಹಾಡು ಶುರುವಾಯಿತು. ಗಿಟಾರ್ ನಿಧಾನವಾಗಿ ಎದ್ದು, ಹಿಂದಿನ ಬಡಿತ ಅದನ್ನು ಎಳೆದುಕೊಂಡು ಹೋಗಿ, ಕೊನೆಯ ಕೆಮ್ಮಿನೊಂದಿಗೆ ಮುಗಿಯಿತು. ರೇವಂತನ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿದ್ದುದನ್ನು ನಾನು ನೋಡಿದೆ. ಅವನು ತಲೆಯೆತ್ತಿದ.

"ಗಿಟಾರ್ ಜಾನಿ ಬ್ರಿಕ್ಸು ಅಂತೀರಿ, ಸರಿ. ಡ್ರಮ್ ಯಾರು ಬಾರಿಸಿರೋದು?"

"ಅವರೂ ಫಾರಿನ್ನವರೇ ಅಣ್ಣ," ಎಂದು ಯಶ್ವಂತ್ ಎದ್ದು ನಿಂತ. "ಹೆಸರು ಬಾಯಲ್ಲೇ ಇದೆ..."

"ನಾನ," ಎಂದಳು ಭಾಗವ್ವ.

ಯಾರಿಗೂ ಅರ್ಥವಾಗಲಿಲ್ಲ. ಅವಳು ಕೈಯ ಹಿಟ್ಟು ಕೊಡವಿ ಮುಂದೆ ಬಂದಳು.

"ನಾನ ಬಡದೀನಿ. ಅದು ಡ್ರಮ್ಮಲ್ಲ, ನನ್ನ ರೊಟ್ಟಿ ಬಡಿಯೂ ಹಲಗಿ. ನಡುವ ಒಮ್ಮೆ ನಿಂದರತೈತಲ್ಲ, ಅಲ್ಲಿ ಹಿಟ್ಟು ಉದುರಿಸೀನಿ. ಕಡೀಕ ಕೆಮ್ಮಿದಾವ್ರು ನಮ್ಮನಿಯವ್ರು."

ಎಲ್ಲರೂ ಅಮೀನಪ್ಪನ ಕಡೆ ತಿರುಗಿದರು. ಅವನು ಗಾಬರಿಯಲ್ಲಿ ಒಮ್ಮೆ ಕೆಮ್ಮಿದ. ಅದೇ ಕೆಮ್ಮು. ಯಶ್ವಂತ್ ಮೆಲ್ಲಗೆ ಕೂತುಕೊಂಡ.

"ಅವ್ವಾ, ಯಾವಾಗ ಗೊತ್ತಾತ್ರಿ?" ಎಂದ ಕಲ್ಮೇಶ್.

"ಫೋಟೋ ತಂದ ದಿನ. ಆ ಬೆನ್ನು ದಿನಾ ನನ್ನ ಮುಂದ ಕೈ ತೊಳೀತೈತಿ. ಹಾಡು ಕೇಳಿದ ಮ್ಯಾಲಂತೂ ಕೇಳೂದ ಬ್ಯಾಡ."

"ಮತ್ತೆ ವರ್ಷ ಪೂರ್ತಿ ಅಷ್ಟೆಲ್ಲ ಪ್ರಶ್ನೆ ಯಾಕೆ ಕೇಳಿದ್ರಿ?" ಎಂದ ಯಶ್ವಂತ್.

"ನೀ ಹೇಳ್ತಿದ್ದಿ, ನಾ ಕೇಳ್ತಿದ್ದೆ. ಹಾಲು ಮಾರಿದಿ, ನಾಯಿ ಬಿಟ್ಟಿ, ಕಡೀಕ ಮಣ್ಣೂ ಮಾಡಿದಿ. ಇನ್ನ ಏನೇನ ಮಾಡ್ತಿ ನೋಡೂಣಂತ ಕುಂತಿದ್ದೆ."

"ಆವತ್ತು ಅಂಬಲಿ ಕುಡಿಸಿದ್ದು?"

"ಅದು ನಿನ್ನ ಸಲುವಾಗಿ. ಉಳಿದವ್ರು ಪಾಪ, ನಿನ್ನ ಜೋಡಿ ಕುಡದ್ರು."

ಖಾನಾವಳಿ ತುಂಬ ನಗು. ಅಕ್ಕಯ್ಯಮ್ಮನವರು ಮೊಮ್ಮಗನ ತಲೆಗೆ ಮೊಟಕಿ, "ಅಲ್ಲ ಕಣೋ, ಈ ಬೆನ್ನಿಗೆ ನಾನು ಊದುಬತ್ತಿ ಬೇರೆ ಹಚ್ಚಿದ್ನಲ್ಲೋ!" ಎಂದರು. ಕಲ್ಮೇಶ್ ಮಾತ್ರ ನಗಲಿಲ್ಲ. ಭಾಗವ್ವ ತಾಟುಗಳ ಸಾಲಿನಿಂದ ಅವನ ತಾಟನ್ನು ಕೈಗೆ ತೆಗೆದುಕೊಂಡಿದ್ದಳು.

"ಜುಲೈ ಹನ್ನೊಂದು ಅಂದಿ. ಅದೂ ಸುಳ್ಳೇನು?"

"ಇಲ್ರಿ ಅವ್ವಾ. ಅದು ನಂದ. ಬ್ಯಾರೆ ತಾರೀಖು ನೆನಪಾಗಲಿಲ್ಲ."

"ಹಾಡು?"

"ಅದೂ ನಂದ ರಿ."

ಭಾಗವ್ವ ತಾಟನ್ನು ಸೆರಗಿನಿಂದ ಒರೆಸಿದಳು. "ಹುಟ್ಟಿದ ದಿನ ಖರೆ, ಹಾಡು ಖರೆ. ಹಂಗಾದ್ರ ಹೋಳಿಗಿ ಮಾಫ್. ಆದ್ರ ಹೆಸರು ಸುಳ್ಳು ಹೇಳಿ ಉಂಡೀದಿ." ಅಷ್ಟು ಹೇಳಿ, ಕಲ್ಮೇಶನ ಹೆಸರಿದ್ದ ತಾಟನ್ನು ಜೀವನ್‌ನ ತಾಟಿನ ಪಕ್ಕದಲ್ಲಿ ಬೋರಲಾಗಿ ಇಟ್ಟಳು. ಕಲ್ಮೇಶ್ ಹೆಲ್ಮೆಟ್ ಎತ್ತಿಕೊಂಡು ಬಾಗಿಲ ಕಡೆ ಹೊರಟ.

"ಎಲ್ಲಿ ಹೊಂಟಿ?" ಎಂದಳು ಭಾಗವ್ವ. ಫೋಟೋದ ಕೆಳಗಿದ್ದ ಹೊಸ ತಾಟನ್ನು ಎತ್ತಿ ಅವನ ಜಾಗದಲ್ಲಿ ಇಟ್ಟಳು. "ಕಲ್ಮೇಶಗ ಇಲ್ಲಿ ತಾಟಿಲ್ಲ. ಜಾನಿ ಬ್ರಿಕ್ಸ್ ಬಂದು ಉಣ್ಣಲಿ. ಬರೂ ಹುಟ್ಟಿದ ಹಬ್ಬದಿಂದ ಗಿಟಾರ್ ಇಲ್ಲೇ ನುಡಿಸಬೇಕು, ಗೋಡಿ ಆಚೆ ಅಲ್ಲ."

ಯಶ್ವಂತನಿಗೆ ಬೇರೆ ಶಿಕ್ಷೆಯಾಯಿತು. ಪ್ರತಿ ಹುಟ್ಟುಹಬ್ಬದ ಬೆಳಿಗ್ಗೆ ಅವನು ರೊಟ್ಟಿ ಬಡಿಯಬೇಕು. ಅವನ ಮೊದಲ ರೊಟ್ಟಿಗೆ ಹೇರೋಹಳ್ಳಿಯ ರಸ್ತೆಯಲ್ಲಿರುವಷ್ಟೇ ಗುಂಡಿಗಳಿದ್ದವು. ಅದನ್ನು ಅವನೇ ತಿನ್ನಬೇಕಾಯಿತು.

ಕಲ್ಮೇಶ್ ಮೀಸಿ ಮಾವನ ಹುಟ್ಟುಹಬ್ಬಕ್ಕೆ ಎಲ್ಲರ ಮುಂದೆ ನುಡಿಸಿದ. ಮುಂದೆ ಎಂದರೆ, ನಮಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ. ಫೋಟೋದಲ್ಲಿ ಇರುವಂತೆಯೇ. ಭಾಗವ್ವ ಒಲೆಯ ಮುಂದೆ ಕೂತು ಬಡಿಯುತ್ತಿದ್ದಳು. ಅವನು ನಿಂತಲ್ಲಿ ಅವಳ ಕೈ ನಿಲ್ಲಲಿಲ್ಲ, ಅವಳು ನಿಂತಲ್ಲಿ ಅವನು ಕಾದ.

ಮೊನ್ನೆ ಕೊಪ್ಪಳದಿಂದ ಬಂದ ಹೊಸ ಹುಡುಗನೊಬ್ಬ ಮೇಲಿನ ಹಲಗೆಯನ್ನು ನೋಡಿ, "ಅವ್ವಾ, ಕಲ್ಮೇಶ್ ಅಂದ್ರ ಯಾರ್ರಿ? ತಾಟು ಬೋರಲ ಹಾಕೀರಿ," ಎಂದು ಕೇಳಿದ.

"ಅವನಾ? ಸುಳ್ಳು ಹೇಳಿ ಉಂಡಾವ. ಅವಗ ಇಲ್ಲಿ ಊಟಿಲ್ಲ," ಎಂದಳು ಭಾಗವ್ವ. ಹಾಗೆನ್ನುತ್ತಲೇ, ಹೊಸ ಹುಡುಗನ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ ಕಲ್ಮೇಶನ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು. "ಉಣ್ಣೋ ಜಾನಿ, ನಾಚಬ್ಯಾಡ."